ಬಿ.ಕಾಂ. ಆದ ಮೇಲೆ ಯಾವ ಓದು?



ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ನಮ್ಮ ಮನೆಗಳಲ್ಲಿ ಈಗ ಬಿ.ಕಾಂ. ಮುಗಿಸಿದ ಮಕ್ಕಳು ಅನೇಕರಿದ್ದಾರೆ. ಲೆಕ್ಕ ಬರೆಯುವುದು ನಮಗೆ ಹೊಸ ಕಾಯಕವೇನಲ್ಲ. ಬಸವಣ್ಣನವರೇ ಬಿಜ್ಜಳನ ಭಂಡಾರಿಯಾಗಿದ್ದವರು. ಮಕ್ಕಳು ಇದೇ ವೃತ್ತಿಯಲ್ಲಿ ಮುಂದುವರಿಯಲಿ ಎಂಬ ಆಸೆ ಒಳ್ಳೆಯದೇ. ಆದರೆ ಹೊಲವನ್ನು ಅಡವಿಟ್ಟು ಶುಲ್ಕ ಕಟ್ಟುವ ಮೊದಲು, ಆ ಓದು ಯಾವ ಕೆಲಸಕ್ಕೆ ಅರ್ಹತೆ ಕೊಡುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು.

ಎಂ.ಕಾಂ.: ಇದು ಎರಡು ವರ್ಷದ, ಕಡಿಮೆ ಖರ್ಚಿನ ಓದು. ನಮ್ಮ ಜಿಲ್ಲೆಯ ಕಾಲೇಜುಗಳು 1997ರಲ್ಲಿ ಸ್ಥಾಪನೆಯಾದ ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯಕ್ಕೆ ಸೇರಿವೆ. ಇದರ ಜೊತೆಗೆ ನೆಟ್ ಪರೀಕ್ಷೆ ಪಾಸಾದರೆ ಅಧ್ಯಾಪಕ ವೃತ್ತಿಗೆ ದಾರಿಯಾಗುತ್ತದೆ. ಆದರೆ ಬರೀ ಎಂ.ಕಾಂ. ಓದಿದವರು ಕಂಪನಿಯ ಲೆಕ್ಕಪರಿಶೋಧನೆಗೆ ಸಹಿ ಹಾಕುವಂತಿಲ್ಲ.

ಸಿ.ಎ.: ಆ ಸಹಿಯ ಅಧಿಕಾರ 1949ರ ಕಾಯಿದೆಯಂತೆ ನೋಂದಾಯಿತರಾದ ಚಾರ್ಟರ್ಡ್ ಅಕೌಂಟೆಂಟರಿಗೆ ಮಾತ್ರ. ಬಿ.ಕಾಂ.ನಲ್ಲಿ ಶೇ. 55 ಅಂಕ ಪಡೆದವರು ಮೊದಲ ಹಂತದ ಪರೀಕ್ಷೆ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಆದ್ದರಿಂದ ಬಿ.ಕಾಂ. ಅಂಕಗಳನ್ನು ಹಗುರವಾಗಿ ಕಾಣಬಾರದು. 2023ರ ಹೊಸ ಪದ್ಧತಿಯಲ್ಲಿ ಆಡಿಟರ ಕಚೇರಿಯ ತರಬೇತಿ ಮೂರರ ಬದಲು ಎರಡು ವರ್ಷ. ಆಗ ಅಲ್ಪ ಭತ್ಯೆಯೂ ಸಿಗುತ್ತದೆ. ಪರೀಕ್ಷೆ ಮಾತ್ರ ಕಠಿಣ, ಒಂದೇ ಸಲಕ್ಕೆ ಮುಗಿಸುವವರು ಕಡಿಮೆ. ಒಮ್ಮೆ ನಪಾಸಾದ ಮಗುವನ್ನು ನಿಂದಿಸದೆ ಕಾಯುವ ತಾಳ್ಮೆ ಮನೆಯವರಿಗೆ ಇರಬೇಕು. 2021ರಲ್ಲಿ ಯು.ಜಿ.ಸಿ.ಯು ಸಿ.ಎ.ಯನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ಒಪ್ಪಿದೆ. ಹಾಗಾಗಿ ಸಿ.ಎ. ಮುಗಿಸಿದವರೂ ನೆಟ್ ಬರೆಯಬಹುದು.

ಸಿ.ಎಂ.ಎ.: ಇದು ತಯಾರಿಕಾ ವೆಚ್ಚದ ಲೆಕ್ಕದ ವಿದ್ಯೆ, 1959ರ ಕಾಯಿದೆಗೆ ಒಳಪಟ್ಟದ್ದು. ಒಂದು ಗಡಿಯಾರಕ್ಕೆ, ಒಂದು ಲಾರಿಗೆ, ಒಂದು ಡಬ್ಬಿ ಮಾವಿನ ತಿರುಳಿಗೆ ಎಷ್ಟು ಖರ್ಚು ಬಿತ್ತು ಎಂದು ನಿಖರವಾಗಿ ಹೇಳುವವರು ಇವರು. ಟೈಟನ್, ಅಶೋಕ್ ಲೇಲ್ಯಾಂಡ್, ಟಿ.ವಿ.ಎಸ್. ಕಾರ್ಖಾನೆಗಳಿರುವ ಹೊಸೂರಿನಲ್ಲಿ ಈ ಓದಿನ ಉಪಯೋಗವನ್ನು ಬಿಡಿಸಿ ಹೇಳಬೇಕಿಲ್ಲ. ಪದವೀಧರರು ಇದಕ್ಕೂ ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಸೇರಬಹುದು.

ಎಂ.ಬಿ.ಎ.: ಹಣಕಾಸು ವಿಷಯದ ಎಂ.ಬಿ.ಎ. ಆಡಳಿತದ ನೌಕರಿಗೆ ನೆರವಾದೀತು, ಆದರೆ ಆಡಿಟ್ ಸಹಿಯ ಅಧಿಕಾರ ಕೊಡುವುದಿಲ್ಲ. ಬೆಂಗಳೂರು ಹೊಸೂರಿಗೆ ಸುಮಾರು 40 ಕಿ.ಮೀ. ದೂರ, ಅಲ್ಲಿಯ ಕಾಲೇಜುಗಳ ಶುಲ್ಕದಲ್ಲಿ ಅಜಗಜಾಂತರ ವ್ಯತ್ಯಾಸವಿದೆ. ಕಟ್ಟಡದ ಅಂದ ನೋಡಿ ಸೇರಿಸಬೇಡಿ. ಮಾನ್ಯತೆ ಇದೆಯೇ, ಹಿಂದಿನ ವರ್ಷ ಓದಿದವರು ಎಲ್ಲಿ ಕೆಲಸದಲ್ಲಿದ್ದಾರೆ ಎಂದು ವಿಚಾರಿಸಿ.

ಇನ್ನೊಂದು ಮಾತು. ಸಿ.ಎ. ಪರೀಕ್ಷೆಯನ್ನು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಮಾತ್ರ ಬರೆಯಬಹುದು. ಕನ್ನಡ ಅಥವಾ ತಮಿಳು ಮಾಧ್ಯಮದಲ್ಲಿ ಓದಿದ ಮಕ್ಕಳು ಮೊದಲಿನಿಂದಲೇ ಇಂಗ್ಲಿಷ್ ಬರವಣಿಗೆ ರೂಢಿಸಿಕೊಳ್ಳಬೇಕು. ಹಾಗೆಂದು ಗಡಿನಾಡಿನ ಭಾಷೆಗಳನ್ನು ಮರೆಯಬಾರದು. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದ ಮೇಲೆ ಚಿಕ್ಕ ಅಂಗಡಿಯವರಿಗೂ ಲೆಕ್ಕಿಗರ ಸಹಾಯ ಬೇಕಾಗಿದೆ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ವ್ಯಾಪಾರಿಗೆ ತಿಳಿಯುವಂತೆ ಲೆಕ್ಕ ಹೇಳಬಲ್ಲವರಿಗೆ ಇಲ್ಲಿ ಕೆಲಸಕ್ಕೆ ಕೊರತೆಯಿಲ್ಲ.

ಮನೆಯಲ್ಲಿ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ: ಪಾಠ ಹೇಳುವ ಆಸೆಯೇ? ಸ್ವಂತ ಕಚೇರಿ ತೆರೆಯುವ ಆಸೆಯೇ? ಕಾರ್ಖಾನೆಯಲ್ಲಿ ದುಡಿಯುವ ಆಸೆಯೇ? ಉತ್ತರಕ್ಕೆ ತಕ್ಕ ಓದನ್ನು ಆರಿಸಿ. ನೆರೆಮನೆಯ ಹುಡುಗ ಸೇರಿದನೆಂದು ಸೇರಿಸಿದರೆ ಹಣವೂ ಹೋದೀತು, ಮಗುವಿನ ಉತ್ಸಾಹವೂ ಹೋದೀತು.