ಹೋಟೆಲುಗಳ ತುಲನೆ: ದರಪಟ್ಟಿಯೋ, ಬಿಲ್ಲೋ?

ಪೀಣ್ಯದಂತಹ ಹೊರವಲಯದ ಕೈಗಾರಿಕಾ ಪ್ರದೇಶದಲ್ಲಿ ವ್ಯವಹಾರದ ಅತಿಥಿಗಳ ಊಟಕ್ಕೆ ಹೋಟೆಲನ್ನು ಆರಿಸುವವರು ಸಾಮಾನ್ಯವಾಗಿ ರುಚಿ, ಶುಚಿ ಹಾಗೂ ದರಪಟ್ಟಿಯನ್ನಷ್ಟೇ ಗಮನಿಸುತ್ತಾರೆ. ಮೂರು ಹೋಟೆಲುಗಳಲ್ಲಿಯೂ ಊಟದ ದರ ರೂ. 200 ಎಂದಿಟ್ಟುಕೊಳ್ಳೋಣ. ಮೊದಲನೆಯದು ಶೇ. 5ರ ಜಿಎಸ್‌ಟಿ ಸೇರಿಸಿ ರೂ. 210 ಪಡೆಯುತ್ತದೆ. ಎರಡನೆಯದು ರಾಜಿ ತೆರಿಗೆ ಪದ್ಧತಿಯಲ್ಲಿದ್ದು, ಗ್ರಾಹಕರಿಂದ ತೆರಿಗೆ ವಸೂಲು ಮಾಡುವ ಅಧಿಕಾರವೇ ಅದಕ್ಕಿಲ್ಲ, ಬಿಲ್ಲು ರೂ. 200 ಮಾತ್ರ. ಹಾಗೆಂದು ಬಿಲ್ಲಿನ ಮೇಲ್ಭಾಗದಲ್ಲಿ ನಮೂದಿಸುವುದೂ ಕಡ್ಡಾಯ. ನಮೂದಿಸಿಯೂ ಕೆಳಗೆ ಶೇ. 5 ಸೇರಿಸುವ ಮಹನೀಯರಿದ್ದಾರೆ! ಮೂರನೆಯದು ಶೇ. 10 ಸೇವಾ ಶುಲ್ಕ ಕೂಡಿಸಿ, ಅದರ ಮೇಲೂ ತೆರಿಗೆ ಹಾಕಿ ರೂ. 231 ಕೇಳುತ್ತದೆ. ಸೇವಾ ಶುಲ್ಕವನ್ನು ಗ್ರಾಹಕರ ಮೇಲೆ ಹೇರುವಂತಿಲ್ಲವೆಂಬ 2022ರ ಮಾರ್ಗಸೂಚಿಯನ್ನು ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ. ಊಟೋಪಚಾರದ ಮೇಲಿನ ತೆರಿಗೆಗೆ ಉದ್ಯಮಿಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯದಿರುವುದರಿಂದ, ಹೆಚ್ಚುವರಿ 31 ರೂಪಾಯಿಯೂ ಪೂರ್ಣವಾಗಿ ಖರ್ಚಿನ ಲೆಕ್ಕಕ್ಕೇ ಸೇರುತ್ತದೆ.