ಮಾರ್ಜಕವೂ ಚರ್ಮವೂ

ದಿನವಿಡೀ ಪಾತ್ರೆ ತೊಳೆಯುವವರ, ಆಸ್ಪತ್ರೆಯ ದಾದಿಯರ ಕೈಗಳನ್ನು ನೋಡಿರಿ. ಬೆರಳ ಸಂದುಗಳಲ್ಲಿ ಚರ್ಮವು ಕೆಂಪೇರಿ, ಒಣಗಿ, ಬಿರಿದಿರುವುದುಂಟು. ಕೊಳೆಯನ್ನು ಕಳೆಯುವ ವಸ್ತುವೇ ಚರ್ಮಕ್ಕೆ ಕೇಡನ್ನೇಕೆ ಮಾಡಬೇಕು?

ಸಾಬೂನೇ ಆಗಲಿ, ಇತರ ಮಾರ್ಜಕವೇ ಆಗಲಿ, ಅದರ ಅಣುವಿಗೆ ನೀರನ್ನು ಒಲಿಯುವ ತಲೆಯೂ ಜಿಡ್ಡನ್ನು ಒಲಿಯುವ ಉದ್ದನೆಯ ಬಾಲವೂ ಇವೆ. ನೀರಿನಲ್ಲಿ ಇಂಥ ಅಣುಗಳು ಒಂದು ಮಿತಿಯನ್ನು ಮೀರಿದಾಗ, ಬಾಲಗಳನ್ನು ಒಳಗಿಟ್ಟುಕೊಂಡು ಗುಂಪುಗೂಡುತ್ತವೆ. ಈ ಗುಂಪಿಗೆ ಮಿಸೆಲ್ ಎಂದು ಹೆಸರು. ಜಿಡ್ಡು ಇದರ ಒಡಲನ್ನು ಸೇರಿ ನೀರಿನೊಡನೆ ಹರಿದುಹೋಗುತ್ತದೆ.

ಚರ್ಮದ ಹೊರಪದರದಲ್ಲಿಯೂ ಜಿಡ್ಡಿದೆ. ದೇಹದ ಬಹುಭಾಗದಲ್ಲಿ ಈ ಪದರದ ದಪ್ಪ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಇದರ ರಚನೆಯನ್ನು ಗೋಡೆಗೆ ಹೋಲಿಸಬಹುದು. ಕೆರಾಟಿನ್ ಎಂಬ ಪ್ರೋಟೀನು ತುಂಬಿದ ನಿರ್ಜೀವ ಕೋಶಗಳೇ ಇಟ್ಟಿಗೆ. ಅವುಗಳ ನಡುವಣ ಮೇದಸ್ಸೇ ಗಾರೆ. ಮಾರ್ಜಕವು ಗಾರೆಯನ್ನು ಕೆಡಿಸುವುದಲ್ಲದೆ ಕೆರಾಟಿನ್ನಿಗೂ ಅಂಟಿಕೊಂಡು ಅದನ್ನು ಉಬ್ಬಿಸುತ್ತದೆ. ಗೋಡೆ ಸಡಿಲಿದರೆ ಒಳಗಿನ ನೀರು ಆವಿಯಾಗುತ್ತದೆ. ಮಾರ್ಜಕವು ಒಳಕ್ಕಿಳಿದು ಉರಿಯೂತವನ್ನುಂಟುಮಾಡುತ್ತದೆ.

ಆದರೆ ಎಲ್ಲ ಮಾರ್ಜಕಗಳೂ ಸಮಾನವಾಗಿ ಕೆರಳಿಸುವುದಿಲ್ಲ. 12 ಇಂಗಾಲದ ಪರಮಾಣುಗಳ ಬಾಲವುಳ್ಳ ಸೋಡಿಯಂ ಲಾರಿಲ್ ಸಲ್ಫೇಟು ಉಗ್ರವಾದುದು. ಚರ್ಮವನ್ನು ಬೇಕೆಂದೇ ಕೆರಳಿಸಿ ಪರೀಕ್ಷಿಸಲು ವಿಜ್ಞಾನಿಗಳು ಬಳಸುವುದು ಇದನ್ನೇ. ಲೀಟರು ನೀರಿಗೆ ಸುಮಾರು 2.3 ಗ್ರಾಂ ಬೆರೆಯುವವರೆಗೂ ಇದರ ಅಣುಗಳು ಮಿಸೆಲ್ ಕಟ್ಟದೆ ಒಂಟಿಯಾಗಿ ಅಲೆಯುತ್ತವೆ. ಒಂಟಿ ಅಣುವು ಚಿಕ್ಕದಾದುದರಿಂದ ಚರ್ಮದೊಳಕ್ಕೆ ಸುಲಭವಾಗಿ ನುಸುಳುತ್ತದೆ.

ಈ ಅಣುವಿನ ತಲೆಗೂ ಬಾಲಕ್ಕೂ ನಡುವೆ ಎಥಿಲೀನ್ ಆಕ್ಸೈಡಿನ ಕೊಂಡಿಗಳನ್ನು ಸೇರಿಸಿದರೆ ಲಾರಿಲ್ ಈಥರ್ ಸಲ್ಫೇಟು ದೊರೆಯುತ್ತದೆ. ಇದು ಇನ್ನೂ ಕಡಮೆ ಪ್ರಮಾಣದಲ್ಲಿಯೇ ಮಿಸೆಲ್ ಕಟ್ಟುವುದರಿಂದ ಒಂಟಿ ಅಣುಗಳು ವಿರಳ. ತೆಂಗಿನೆಣ್ಣೆಯ ಮೇದಾಮ್ಲಗಳಿಂದ ತಯಾರಾಗುವ ಕೋಕಮಿಡೊಪ್ರೊಪೈಲ್ ಬೀಟೇನಿನ ಅಣುವಿನಲ್ಲಿ ಧನ, ಋಣ ವಿದ್ಯುದಂಶಗಳೆರಡೂ ಇವೆ. ಉಗ್ರ ಮಾರ್ಜಕದೊಡನೆ ಇದನ್ನು ಬೆರೆಸಿದರೆ ಮಿಶ್ರ ಮಿಸೆಲ್‌ಗಳುಂಟಾಗಿ, ಒಂಟಿ ಅಣುಗಳು ಅವುಗಳಲ್ಲಿ ಸೆರೆಯಾಗುತ್ತವೆ. ಹೀಗೆ, ಮಾರ್ಜಕಕ್ಕೆ ಮತ್ತೊಂದು ಮಾರ್ಜಕವನ್ನು ಸೇರಿಸಿದಾಗ ಕೆರಳಿಕೆಯು ಹೆಚ್ಚುವುದರ ಬದಲು ತಗ್ಗಬಲ್ಲುದು!

ಆದರೂ ಸೌಮ್ಯವೆಂದರೆ ನಿರಪಾಯವೆಂದಲ್ಲ. ನೀರು ಬಿಸಿಯಾದಷ್ಟೂ, ದ್ರಾವಣವು ಗಾಢವಾದಷ್ಟೂ, ಸಂಪರ್ಕವು ದೀರ್ಘವಾದಷ್ಟೂ ಅಪಾಯ ಹೆಚ್ಚು. ನೊರೆಯ ರಾಶಿಯನ್ನು ಶುದ್ಧಿಯ ಅಳತೆಗೋಲೆಂದು ಭಾವಿಸಿ ಮಾರ್ಜಕವನ್ನು ಸುರಿಯಬೇಕಾಗಿಲ್ಲ. ಮಿತವಾಗಿ ಬಳಸಿ, ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ತೊಳೆದು, ಕೈ ಒರೆಸಿಕೊಂಡು ವ್ಯಾಸಲೀನಿನಂಥ ಲೇಪವನ್ನು ಸವರಿದರೆ, ದುಡಿಯುವ ಕೈಗಳ ಗೋಡೆಯು ಮತ್ತೆ ಕೂಡಿಕೊಳ್ಳಲು ಅವಕಾಶವಾಗುತ್ತದೆ.