ನಾಯಿಮರಿಯ ಕಾಗದವೂ ನಾಯಿಮರಿಯ ಗುಣವೂ



ಜಾತಿ ನಾಯಿಮರಿಯನ್ನು ಕೊಳ್ಳಲು ಹೋದಾಗ ಮಾರುವವರಿಂದ ಮೊದಲು ಬರುವ ಮಾತು “ಇದಕ್ಕೆ ಕಾಗದವುಂಟು” ಎಂಬುದು. ಕಾಗದವಿದ್ದ ಮರಿಗೆ ಒಂದು ಬೆಲೆ, ಇಲ್ಲದ ಮರಿಗೆ ಇನ್ನೊಂದು ಬೆಲೆ. ಈ ಕಾಗದ ಯಾವುದಕ್ಕೆ ಹೊಣೆ, ಯಾವುದಕ್ಕೆ ಹೊಣೆಯಲ್ಲ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ಮರಿ ಮಾಡಿಸಿ ಮಾರುವ ರೈತರು ಅದಕ್ಕಿಂತಲೂ ಹೆಚ್ಚಾಗಿ ತಿಳಿದಿರಬೇಕು.

ನಾಯಿಗಳ ವಂಶಾವಳಿಯನ್ನು ಬರೆದಿಡುವ ಸಂಸ್ಥೆಗೆ ಕೆನಲ್ ಕ್ಲಬ್ಬು ಎಂದು ಹೆಸರು. ಇಂಥ ಮೊದಲನೆಯ ಕ್ಲಬ್ಬು 1873ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ನಮ್ಮ ದೇಶದ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಚೇರಿ ಚೆನ್ನೈಯಲ್ಲಿದೆ. ತಂದೆ ತಾಯಿಗಳಿಬ್ಬರ ಹೆಸರೂ ಪುಸ್ತಕದಲ್ಲಿದ್ದರೆ ಮರಿಯ ಹೆಸರೂ ಪುಸ್ತಕಕ್ಕೆ ಏರುತ್ತದೆ. ಹುಟ್ಟಿದ ದಿನ, ಬಣ್ಣ, ಗಂಡೋ ಹೆಣ್ಣೋ, ಮಾಡಿಸಿದವರು ಯಾರು, ಹಿಂದಿನ ತಲೆಮಾರುಗಳು ಯಾವುವು ಎಂಬಷ್ಟು ಸಂಗತಿ ಅದರಲ್ಲಿರುತ್ತದೆ. ಇವುಗಳಲ್ಲಿ ಬಹುಪಾಲು ಮಾಡಿಸಿದವರೇ ಬರೆದುಕೊಟ್ಟ ಮಾತು.

ಬಿತ್ತನೆ ಬೀಜದ ಚೀಲಕ್ಕೆ ಕಟ್ಟುವ ಚೀಟಿಯನ್ನು ನೆನೆಯಿರಿ. ನೀಲಿ ಚೀಟಿಯ ಪ್ರಮಾಣಿತ ಬೀಜವಾದರೆ ಅಧಿಕಾರಿಗಳು ಹೊಲಕ್ಕೆ ಬಂದು ಬೆಳೆಯನ್ನು ನೋಡಿರುತ್ತಾರೆ, ಮೊಳಕೆಯ ಪರೀಕ್ಷೆಯೂ ಆಗಿರುತ್ತದೆ. ನಾಯಿಯ ಕಾಗದ ಆ ಬಗೆಯದಲ್ಲ. ಇಂಥ ಬೀಜ ಇಂಥ ತಳಿಯದು ಎಂದು ಮಾರುವವನು ತಾನೇ ಬರೆದು ಅಂಟಿಸಿದ ಚೀಟಿಗೆ ಅದು ಹತ್ತಿರ. ಆ ಚೀಟಿ ನಿಜವೇ ಇರಬಹುದು. ಆದರೆ ತಾಯಿನಾಯಿಗೆ ಹೊಟ್ಟೆತುಂಬ ಅನ್ನ ಸಿಕ್ಕಿತೇ, ಅದರ ಹೃದಯ, ಕಣ್ಣು, ಕೀಲುಗಳು ಸರಿಯಾಗಿವೆಯೇ, ಮರಿಗಳು ಕತ್ತಲೆ ಗೂಡಿನಲ್ಲಿ ಬೆಳೆದವೇ ಅಥವಾ ಅಂಗಳದಲ್ಲಿ ಬೆಳೆದವೇ ಎಂಬುದು ಅದರಲ್ಲಿ ಕಾಣಸಿಗದು.

ಕಾಗದ ಶುದ್ಧವಾಗಿದ್ದೂ ತಳಿ ಕೆಟ್ಟ ಉದಾಹರಣೆ ಬೇಕೆಂದರೆ ಡಾಲ್ಮೇಷಿಯನ್ ನಾಯಿಯನ್ನು ನೋಡಬಹುದು. ಬಿಳಿ ಮೈಮೇಲೆ ಕರಿ ಚುಕ್ಕೆಯ ಈ ಚೆಂದದ ನಾಯಿಯ ಮೂತ್ರದಲ್ಲಿ ಯೂರಿಕ್ ಆಮ್ಲ ವಿಪರೀತ; ಅದರಿಂದ ಕಲ್ಲು ಕಟ್ಟಿ, ಮುಖ್ಯವಾಗಿ ಗಂಡುಗಳು ಮೂತ್ರ ಕಟ್ಟಿಕೊಂಡು ನರಳುತ್ತವೆ. ದೋಷ ವಂಶಪಾರಂಪರ್ಯದ್ದು. ಶುದ್ಧ ವಂಶದ ನಾಯಿಗಳೆಲ್ಲವೂ ಅದನ್ನು ಹೊತ್ತಿದ್ದುದರಿಂದ ತಳಿಯೊಳಗೇ ಜೋಡಿ ಕೂಡಿಸುತ್ತಿದ್ದರೆ ಅದು ಹೋಗುವ ಹಾಗೇ ಇರಲಿಲ್ಲ. 1973ರಲ್ಲಿ ರಾಬರ್ಟ್ ಶೈಬಲ್ ಎಂಬ ಅಮೆರಿಕದ ತಳಿವಿಜ್ಞಾನಿ ಒಂದು ಡಾಲ್ಮೇಷಿಯನ್ನಿಗೆ ಪಾಯಿಂಟರ್ ಜಾತಿಯ ನಾಯಿಯನ್ನು ಕೂಡಿಸಿ, ಹುಟ್ಟಿದ ಮರಿಗಳನ್ನು ಮತ್ತೆ ಮತ್ತೆ ಡಾಲ್ಮೇಷಿಯನ್ನುಗಳಿಗೇ ಕೂಡಿಸುತ್ತ ಬಂದರು. ನೋಡಲು ಡಾಲ್ಮೇಷಿಯನ್ನೇ, ಆದರೆ ಮೂತ್ರದ ದೋಷವಿಲ್ಲದ ಸಂತತಿ ಸಿದ್ಧವಾಯಿತು. 1981ರಲ್ಲಿ ಅಮೆರಿಕದ ಕ್ಲಬ್ಬು ಅಂಥ ಎರಡು ನಾಯಿಗಳನ್ನು ಪುಸ್ತಕಕ್ಕೆ ಸೇರಿಸಿತು. ತಳಿಯ ಅಭಿಮಾನಿಗಳು ರಕ್ತ ಕೆಟ್ಟಿತೆಂದು ತಕರಾರು ಎತ್ತಿದ್ದರಿಂದ ಬಾಗಿಲು ಮತ್ತೆ ಮುಚ್ಚಿತು. ಅದು ತೆರೆದದ್ದು 2011ರಲ್ಲಿ! ಮೂವತ್ತು ವರ್ಷ ರೋಗದ ನಾಯಿಗೆ ಕಾಗದವಿತ್ತು, ಗುಣವಾದ ನಾಯಿಗೆ ಇರಲಿಲ್ಲ.

ಇನ್ನೊಂದು ಸಂಗತಿ. ಬ್ರಿಟನ್ನಿನ ಕ್ಲಬ್ಬು ತಂದೆ-ಮಗಳು, ತಾಯಿ-ಮಗ, ಅಣ್ಣ-ತಂಗಿಯರ ಜೋಡಿಯಿಂದಾದ ಮರಿಗಳಿಗೆ ಕಾಗದ ಕೊಡುವುದನ್ನು ನಿಲ್ಲಿಸಿದ್ದು 2009ರಲ್ಲಿ. ಅದಕ್ಕೆ ಹಿಂದಿನ ವರ್ಷ ದೂರದರ್ಶನದ ಒಂದು ಚಿತ್ರ ಜಾತಿ ನಾಯಿಗಳ ರೋಗರುಜಿನಗಳನ್ನು ಜನರೆದುರು ತೆರೆದಿಟ್ಟು ದೊಡ್ಡ ಗಲಾಟೆಯಾಗಿತ್ತು. ಹೋರಿಯನ್ನು ಅದರ ಕರುವಿಗೆ ಬಿಡಬಾರದೆಂದು ನಮ್ಮ ರೈತರಿಗೆ ಯಾವ ಕ್ಲಬ್ಬೂ ಹೇಳಿಕೊಟ್ಟದ್ದಿಲ್ಲವಷ್ಟೆ.

ಹಾಗೆಂದು ಕಾಗದವನ್ನು ಹರಿದು ಹಾಕಬೇಕೆಂದಲ್ಲ. ಮೂರು ನಾಲ್ಕು ತಲೆಮಾರಿನ ಹೆಸರು ತಿಳಿಯದೆ ರಕ್ತಸಂಬಂಧ ತಪ್ಪಿಸುವುದು ಕಷ್ಟ. ಓದಿ ಉಪಯೋಗಿಸುವವನ ಕೈಯಲ್ಲಿ ವಂಶಾವಳಿ ಒಳ್ಳೆಯ ಸಲಕರಣೆ. ಚೌಕಟ್ಟು ಹಾಕಿ ಗೋಡೆಗೆ ತೂಗಿದರೆ ಬರಿಯ ಅಲಂಕಾರ.

ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯನ್ನು ತಾವು ಬಲ್ಲಿರಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೂ ಹೊರಡಿಸಿತು. ಈ ನಾಯಿಯನ್ನು ಒಂದು ಕ್ಲಬ್ಬು ಮುಧೋಳ ಹೌಂಡ್ ಎಂದೂ ಕೆನಲ್ ಕ್ಲಬ್ ಆಫ್ ಇಂಡಿಯಾ ಕ್ಯಾರವಾನ್ ಹೌಂಡ್ ಎಂದೂ ಬರೆದುಕೊಳ್ಳುತ್ತದೆ. ಹೆಸರು ಎರಡಾದರೂ ನಾಯಿ ಒಂದೇ. ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವು ಈ ತಳಿಯ ಸಂರಕ್ಷಣೆಗಾಗಿಯೇ ಇದೆ. ಹಳ್ಳಿಯ ಮನೆಯಲ್ಲಿ ಕಾಗದವಿಲ್ಲದೆಯೂ ತಲೆಮಾರುಗಳಿಂದ ಚೆನ್ನಾಗಿ ಉಳಿದ ನಾಯಿ ಸಿಗಬಹುದು; ಹೆಸರಾದ ಒಂದೇ ಗಂಡನ್ನು ಊರ ಹೆಣ್ಣುಗಳಿಗೆಲ್ಲ ಬಿಟ್ಟು, ಎರಡೇ ತಲೆಮಾರಿನಲ್ಲಿ ಎಲ್ಲವೂ ಒಡಹುಟ್ಟುಗಳಾಗುವುದೂ ಉಂಟು.

ಹಾಗಾದರೆ ಏನನ್ನು ನೋಡಬೇಕು? ತಾಯಿಯನ್ನು, ಅದರ ಮನೆಯಲ್ಲಿಯೇ. ತಾಯಿಯನ್ನು ತೋರಿಸದೆ ರಸ್ತೆ ಬದಿಯಲ್ಲಿ ಮರಿ ಕೊಡುವವರಲ್ಲಿ ಕೊಳ್ಳತಕ್ಕದ್ದಲ್ಲ. ಮುಧೋಳ ನಾಯಿ ಸ್ವಭಾವತಃ ತೆಳ್ಳಗೆ. ಆದರೆ ತೆಳ್ಳಗಿರುವುದು ಬೇರೆ, ಸೊರಗಿರುವುದು ಬೇರೆ. ಕೂದಲಿನ ಹೊಳಪು, ವಸಡಿನ ಬಣ್ಣ, ನಡಿಗೆ ಇವು ಸುಳ್ಳು ಹೇಳವು. ತಾಯಿಯ ವಯಸ್ಸೆಷ್ಟು, ಇದು ಎಷ್ಟನೆಯ ಸೂಲು, ಹಿಂದಿನ ಸೂಲು ಎಂದಾಯಿತು, ಗಂಡು ಯಾವ ಊರಿನದು ಎಂದು ಕೇಳಿ. ಜಂತುವಿನ ಔಷಧಿ, ಚುಚ್ಚುಮದ್ದುಗಳ ಚೀಟಿಯನ್ನು ವೈದ್ಯರ ಸಹಿಯೊಂದಿಗೆ ನೋಡಿ. ಮೊಲ ಹಿಡಿಯುವ ನಾಯಿ ಎಂಬ ಹೊಗಳಿಕೆಗೆ ಮರುಳಾಗಬೇಡಿ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಆ ಬೇಟೆ ಅಪರಾಧ. ಎಲ್ಲಿ ಕಟ್ಟುತ್ತೀರಿ, ಓಡಲು ಜಾಗವಿದೆಯೇ ಎಂದು ಮಾರುವವನೇ ತಮ್ಮನ್ನು ಕೇಳಿದರೆ, ಆತ ನೂರಕ್ಕೆ ತೊಂಬತ್ತು ಪಾಲು ಒಳ್ಳೆಯವನೆಂದೇ ನನ್ನ ಅಭಿಪ್ರಾಯ.

ಮರಿ ಮಾರುವ ರೈತರು ಇನ್ನೊಂದು ನೋಂದಣಿಯನ್ನು ಮರೆಯಬಾರದು. ಮಾರಾಟಕ್ಕಾಗಿ ನಾಯಿ ತಳಿ ಮಾಡುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬೇಕೆಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಕ್ಲಬ್ಬಿನ ಕಾಗದವಿದೆಯೆಂದು ಇದು ತಪ್ಪುವುದಿಲ್ಲ. ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಜೀವಮಾನದಲ್ಲಿ ಐದು ಸೂಲು ಮೀರಬಾರದು, ಎಂಟು ವಾರವಾಗದ ಮರಿಯನ್ನು ಮಾರಬಾರದು. ಒಂದು ಸಾದಾ ನೋಟುಪುಸ್ತಕ ತಂದು, ಹೆಣ್ಣು ಬೆದೆಗೆ ಬಂದ ದಿನ, ಕೂಡಿಸಿದ ಗಂಡು, ಹುಟ್ಟಿದ ಮರಿಗಳು, ಸತ್ತ ಮರಿಗಳು, ಯಾರಿಗೆ ಕೊಟ್ಟಿರಿ ಎಂಬುದನ್ನು ಅಂದಂದೇ ಬರೆದಿಡಿ. ಸತ್ತವುಗಳ ಲೆಕ್ಕವನ್ನು ಬಿಡಬೇಡಿ; ಪಶು ಚಿಕಿತ್ಸಾಲಯದ ವೈದ್ಯರು ಮೊದಲು ಕೇಳುವುದು ಅದನ್ನೇ.